ನೋವು ಕವಿಯ ಮೂಲಧನವೆ?

ಹೋದ ಮಳೆಗಾಲಕ್ಕೆ ಮುಂಚೆ ನಮ್ಮ ಸೀಮೆಯಲ್ಲೊಂದು ಸಾಹಿತ್ಯಗೋಷ್ಠಿ ನಡೆಯಿತು. ಅಲ್ಲಿ ಭಾಷಣಕಾರರೊಬ್ಬರು ಗಟ್ಟಿಯಾಗಿ ಹೇಳಿದರು: ನೊಂದವನೇ ಕವಿ, ನೋವು ಹೋದರೆ ಕಾವ್ಯವೂ ಹೋಯಿತು, ಆದ್ದರಿಂದ ಕಲಾವಿದನ ಮನಸ್ಸಿಗೆ ಮದ್ದು ಮಾಡುವುದು ಕಲೆಗೆ ಬಗೆಯುವ ದ್ರೋಹ. ಸಭೆ ಚಪ್ಪಾಳೆ ತಟ್ಟಿತು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ನಾನೂ ತಟ್ಟಿದೆ. ಆ ತಪ್ಪಿಗೆ ಪ್ರಾಯಶ್ಚಿತ್ತವೆಂದು ಈ ಲೇಖನವನ್ನು ಓದುಗರ ಮುಂದಿಡುತ್ತಿದ್ದೇನೆ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಯಸಳೂರಿನ ಕಡೆಯವನು. ಕಾಲೇಜಿನಲ್ಲಿ ನಾಟಕ ಬರೆದು ಆಡಿಸಿದವನು. ರಾಜಧಾನಿಗೆ ಹೋಗಿ ದಿನದಿನದ ಧಾರಾವಾಹಿಗಳಿಗೆ ಸಂಭಾಷಣೆ ಬರೆಯುವ ಕೆಲಸಕ್ಕೆ ಸೇರಿದ. ರಾತ್ರಿಯಿಡೀ ಬರೆದು ಬೆಳಗಾಗುವುದರೊಳಗೆ ಕಂತು ಒಪ್ಪಿಸಬೇಕು. ಹಣ ಮಾತ್ರ ಮೂರು ತಿಂಗಳ ಮೇಲೆ, ಅದೂ ಅರೆಬರೆ. ಎರಡು ವರ್ಷ ಕಳೆದು ಊರಿಗೆ ಬಂದವನು ಜಗಲಿಯಲ್ಲಿ ಕುಳಿತು ಮಳೆ ನೋಡತೊಡಗಿದ. ಊಟ ಬೇಡ, ಮಾತು ಬೇಡ, ನಿದ್ದೆಯಂತೂ ಇಲ್ಲ. ನೋಡಲು ಹೋದ ನಾನು ಏನು ಹೇಳಿದೆ ಗೊತ್ತೆ? “ಇದನ್ನೇ ಬರಿಯೋ ಮಾರಾಯ, ದೊಡ್ಡ ಕೃತಿಯಾಗುತ್ತೆ” ಎಂದೆ! ಅವನು ನನ್ನನ್ನು ನೋಡಿದ ನೋಟ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಹದಿನೈದು ದಿನ ಕಳೆದು ಅವನ ತಾಯಿ ಬಂದು, “ಮೇಷ್ಟ್ರೇ, ಪುಸ್ತಕ ಆಮೇಲಾಗ್ಲಿ, ಮಗ ಉಳೀಲಿ” ಎಂದು ಕಣ್ಣೀರಿಟ್ಟಾಗ ನನಗೆ ಬುದ್ಧಿ ಬಂತು. ನಾವಿಬ್ಬರೂ ಅವನನ್ನು ಬಸ್ಸು ಹತ್ತಿಸಿಕೊಂಡು ವೈದ್ಯರ ಹತ್ತಿರ ಹೋದೆವು. ಔಷಧ ನಡೆಯಿತು, ಕೆಲವು ತಿಂಗಳಲ್ಲಿ ಹುಡುಗ ಊಟಕ್ಕೆ, ಮಾತಿಗೆ ಬಂದ. ಈಗ ಅವನು ಕಂಡಾಗ ಏನು ಬರೆದೆ ಎಂದು ನಾನು ಕೇಳುವುದಿಲ್ಲ. ನಿದ್ದೆ ಬರುತ್ತದೆಯೆ ಎಂದು ಕೇಳುತ್ತೇನೆ.

ಪ್ರತಿಪಕ್ಷದವರು ಒಡನೆಯೇ ಬೇಂದ್ರೆಯವರ ಹೆಸರೆತ್ತುತ್ತಾರೆ. ಒಂದರ ಮೇಲೊಂದು ಮಕ್ಕಳನ್ನು ಕಳೆದುಕೊಂಡ ತಂದೆ, ‘ನರಬಲಿ’ ಕವನಕ್ಕಾಗಿ ಸೆರೆಮನೆ ಕಂಡ ಕವಿ. ಆ ನೋವಿನಿಂದಲೇ ಅಲ್ಲವೆ ಆ ಹಾಡು ಎನ್ನುತ್ತಾರೆ. ನೋವು ಇತ್ತು, ನಿಜ. ಆದರೆ ಆ ನೋವಿನ ಸುತ್ತ ಏನೇನಿತ್ತು ಎಂದು ಯಾರೂ ಎಣಿಸುವುದಿಲ್ಲ. ಧಾರವಾಡದಲ್ಲಿ ಗೆಳೆಯರ ಗುಂಪು ಇತ್ತು. ಬರೆದದ್ದನ್ನು ಕೇಳುವ ಕಿವಿಗಳಿದ್ದವು. ಮುಂದೆ 1944ರಿಂದ 1956ರವರೆಗೆ ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಅಧ್ಯಾಪಕ ವೃತ್ತಿ ಇತ್ತು. ತಿಂಗಳು ತಿಂಗಳು ಸಂಬಳವಿತ್ತು. ಅವರು 1981ರವರೆಗೆ ಬಾಳಿದರು.

ಇನ್ನೊಂದು ಕಡೆ ಮುದ್ದಣನನ್ನು ನೋಡಿ. ಉಡುಪಿಯಲ್ಲಿ ವ್ಯಾಯಾಮದ ಮೇಷ್ಟರು. ತಾನು ಬರೆದದ್ದನ್ನು ತನ್ನದೆನ್ನಲು ಅಂಜಿ ಹಳೆಯ ಗ್ರಂಥವೆಂದು ಹೇಳಿ ಕಳುಹಿಸಿದವನು. ಬಡತನದಲ್ಲಿ, ಕ್ಷಯದಿಂದ, 1901ರಲ್ಲಿ, ಮೂವತ್ತೊಂದನೆಯ ವಯಸ್ಸಿಗೆ ತೀರಿಕೊಂಡ. ನೋವೇ ಕಾವ್ಯದ ತಾಯಿಯಾಗಿದ್ದರೆ ಅವನಿಂದ ಇನ್ನೂ ಹತ್ತು ಕಾವ್ಯ ಬರಬೇಕಿತ್ತು. ಬರಲಿಲ್ಲ, ಬರೆಯುವ ಕೈಯೇ ಹೋಯಿತು. ನೋವು ಕೊಟ್ಟದ್ದನ್ನು ಮಾತ್ರ ಲೆಕ್ಕವಿಟ್ಟು, ಕಸಿದುಕೊಂಡದ್ದನ್ನು ಬಿಟ್ಟುಬಿಡುವುದು ಎಂಥ ವಿಮರ್ಶೆ?

ಮನೋರೋಗದ ಮಾತು ಸಾಹಿತ್ಯಕ್ಕೆ ಹೊರಗಿನದು ಎನ್ನುವವರು ‘ರಾಶಿ’ಯವರನ್ನು ನೆನೆಯಲಿ. ‘ಕೊರವಂಜಿ’ಯ ಮೂಲಕ ನಾಡನ್ನು ನಗಿಸಿದ ಆ ಡಾಕ್ಟರು ಬರೆದ ‘ಮನಮಂಥನ’ ಮನಸ್ಸಿನ ಕಾಯಿಲೆಗಳನ್ನು ಕುರಿತ ಗ್ರಂಥ. 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಅದಕ್ಕೆ ಸಂದಿತು. ಅರ್ಧ ಶತಮಾನದ ಹಿಂದೆಯೇ ಕನ್ನಡದಲ್ಲಿ ಒಬ್ಬರು ಹೇಳಿ, ಅಕಾಡೆಮಿಯೂ ಒಪ್ಪಿದ ವಿಷಯಕ್ಕೆ ನಾವು ಇನ್ನೂ ನಾಚುತ್ತಿದ್ದೇವೆ.

ನಮ್ಮ ಕಲಾವಿದನ ಸಂಕಟಕ್ಕೆ ಬಹುಪಾಲು ಕಾರಣ ಅವನ ಪ್ರತಿಭೆಯಲ್ಲ, ಅವನ ದುಡಿಮೆಯ ರೀತಿ. 2020ರ ಮಾರ್ಚಿನಲ್ಲಿ ಕೊರೋನಾ ಬಂದು ರಂಗಗಳು ಮುಚ್ಚಿದಾಗ ಯಕ್ಷಗಾನದ ವೇಷಧಾರಿಗಳು ತಿರುಗಾಟದ ನಡುವೆಯೇ ಗಂಟುಮೂಟೆ ಕಟ್ಟಿ ಮನೆಗೆ ಮರಳಬೇಕಾಯಿತು. ರಜೆಯಿಲ್ಲ, ಪಿಂಚಣಿಯಿಲ್ಲ, ನಾಳೆಯ ಭರವಸೆಯಿಲ್ಲ. ಇಂಥ ಬಾಳಿನಲ್ಲಿ ನಿದ್ದೆಗೆಟ್ಟವನನ್ನು ಸಭೆಗೆ ಕರೆದು, ಶಾಲು ಹೊದಿಸಿ, ಪೇಟ ತೊಡಿಸಿ, ಹಣ್ಣಿನ ಬುಟ್ಟಿ ಕೈಗಿತ್ತು, ಬಸ್ಸಿನ ಚಾರ್ಜು ಕೊಡದೆ ಕಳುಹಿಸುತ್ತೇವೆ. ಇದು ಸನ್ಮಾನವೆ?

ಸಹಾಯವೇ ಇಲ್ಲವೆಂದು ನಾನು ಹೇಳುವುದಿಲ್ಲ. 2017ರ ಮಾನಸಿಕ ಆರೋಗ್ಯ ಕಾಯಿದೆ ಚಿಕಿತ್ಸೆಯನ್ನು ಹಕ್ಕೆಂದು ಸಾರಿದೆ. ಮೈಯ ಕಾಯಿಲೆಗೆ ಇರುವಂತೆಯೇ ಮನಸ್ಸಿನ ಕಾಯಿಲೆಗೂ ವಿಮೆ ಇರಬೇಕೆಂದಿದೆ. 2022ರಿಂದ ಟೆಲಿ ಮಾನಸ್ ಎಂಬ ವ್ಯವಸ್ಥೆಯಿದೆ. 14416ಕ್ಕೆ ಫೋನು ಮಾಡಿದರೆ ಹಗಲಿರುಳೆನ್ನದೆ, ಕನ್ನಡದಲ್ಲೇ, ಬಿಟ್ಟಿಯಾಗಿ ಮಾತಾಡುವವರಿದ್ದಾರೆ. ಆದರೆ ಆಷಾಢದ ಮಳೆಯಲ್ಲಿ ಕರೆಂಟು ಹೋಗಿ, ಫೋನಿಗೆ ಸಿಗ್ನಲ್ಲೂ ಇಲ್ಲದ ನಮ್ಮ ಮಲೆನಾಡಿನ ಮೂಲೆಗಳಲ್ಲಿ ಆ ಸಂಖ್ಯೆ ಕಾಗದದ ಮೇಲಿನ ಸಂಖ್ಯೆಯೇ. ಅಲ್ಲಿ ಬೇಕಾದವರು ಬಾಗಿಲು ತಟ್ಟಿ ಒಳಗೆ ಬರುವ ನೆರೆಯವರು, ಮೇಷ್ಟರುಗಳು, ಗೆಳೆಯರು.

ಆದ್ದರಿಂದ ನನ್ನ ಬೇಡಿಕೆ ದೊಡ್ಡದೇನಲ್ಲ. ಬರೆಸಿಕೊಂಡವರು, ಆಡಿಸಿದವರು ಹಣವನ್ನು ಹೇಳಿದ ದಿನ ಕೊಡಲಿ. ಅಕಾಡೆಮಿಗಳು ಪ್ರಶಸ್ತಿಯ ಪಟ್ಟಿಯ ಜೊತೆಗೆ ಕಲಾವಿದರ ಆರೋಗ್ಯವಿಮೆಯ ಪಟ್ಟಿಯನ್ನೂ ಇಡಲಿ. ನನ್ನಂಥ ಕನ್ನಡ ಮೇಷ್ಟರುಗಳು ತರಗತಿಯಲ್ಲಿ ಕವಿಯ ದುಃಖವನ್ನು ಹಾಡಿ ಹೊಗಳುವಾಗ, ಮುಂದೆ ಕುಳಿತ ಹುಡುಗ ಹುಡುಗಿಯರಲ್ಲಿ ಯಾರಾದರೂ ಅದನ್ನು ಆದೇಶವೆಂದು ತಿಳಿದಾರು ಎಂಬ ಎಚ್ಚರವಿಟ್ಟುಕೊಳ್ಳಲಿ. ಮುಂದಿನ ಗೋಷ್ಠಿಯಲ್ಲಿ ಯಾರಾದರೂ ನೋವೇ ಕಾವ್ಯವೆಂದು ಸಾರಿದರೆ ಕೈ ತಟ್ಟುವುದಕ್ಕೆ ಮೊದಲು, ನೊಂದವನು ಈಗ ಹೇಗಿದ್ದಾನೆ ಎಂದು ಎದ್ದು ನಿಂತು ಕೇಳೋಣ. ನಾನಂತೂ ಕೇಳುವವನೇ.