ಹೊಲದ ಎಂಜಿನ್ನುಗಳಿಂದ ಆವಿಯಾಗಿ ಹೋಗುವ ಪೆಟ್ರೋಲನ್ನು ಅಳೆಯುವ ವಿಚಾರ

ಕಳೆ ಕೊಯ್ಯುವ ಯಂತ್ರ, ಬೆನ್ನಿಗೆ ಕಟ್ಟಿಕೊಂಡು ಔಷಧ ಸಿಂಪಡಿಸುವ ಯಂತ್ರ, ನೀರೆತ್ತುವ ಸಣ್ಣ ಪಂಪು, ಮರ ಕೊಯ್ಯುವ ಗರಗಸ ಮುಂತಾದ ಪೆಟ್ರೋಲು ಎಂಜಿನ್ನುಗಳು ಈಗ ನಮ್ಮ ರೈತರಲ್ಲಿ, ವಿಶೇಷವಾಗಿ ಮಲೆನಾಡಿನ ಅಡಕೆ ಮತ್ತು ಕಾಫಿ ತೋಟಗಳಲ್ಲಿ, ಸಾಮಾನ್ಯವಾಗಿವೆ. ಇವುಗಳ ಹೊಗೆಯು ಎಲ್ಲರ ಕಣ್ಣಿಗೂ ಬೀಳುವುದರಿಂದ ಅದರ ವಿಷಯವಾಗಿ ಮಾತು ನಡೆಯುವುದುಂಟು. ಆದರೆ ಎಂಜಿನ್ನು ನಿಂತು ಕೊಟ್ಟಿಗೆಯ ಮೂಲೆಯಲ್ಲಿ ಸುಮ್ಮನೆ ಬಿದ್ದಿರುವಾಗಲೂ ಅದರಿಂದ ಪೆಟ್ರೋಲು ಹಗಲಿರುಳು ಹೊರಟುಹೋಗುತ್ತಲೇ ಇರುವುದೆಂಬ ಅಂಶವನ್ನು ಗಮನಿಸುವವರು ವಿರಳ. ಈ ನಷ್ಟವನ್ನು ಅಳೆಯುವ ಏರ್ಪಾಡು ನಮ್ಮಲ್ಲಿಯೂ ಆಗತಕ್ಕದ್ದೆಂದು ನಮ್ಮ ಅಭಿಪ್ರಾಯ. ಡೀಸೆಲ್ ಎಣ್ಣೆಯು ಬಲು ಅಲ್ಪವಾಗಿ ಆವಿಯಾಗುವುದರಿಂದ ಟ್ರಾಕ್ಟರಿನ ಮಾತು ಪ್ರಕೃತದಲ್ಲಿ ಬೇಕಾಗಿಲ್ಲ.

ಪೆಟ್ರೋಲು ತಪ್ಪಿಸಿಕೊಳ್ಳುವ ದಾರಿಗಳು ಹಲವು. ಹಗಲಿನ ಬಿಸಿಲಿಗೆ ಟ್ಯಾಂಕು ಕಾದಾಗ ಒಳಗಿನ ಆವಿಯು ಹಿಗ್ಗಿ ಮುಚ್ಚಳದ ರಂಧ್ರದಿಂದ ಹೊರಬೀಳುವುದು. ರಾತ್ರಿ ತಣಿದಾಗ ಹೊರಗಿನ ಗಾಳಿಯು ಒಳಹೊಕ್ಕು, ಮಾರನೆಯ ದಿನ ಹೊಸ ಆವಿಯನ್ನು ಹೊತ್ತು ಹೊರಡುವುದು. ಹೀಗೆ ಟ್ಯಾಂಕು ದಿನಕ್ಕೊಮ್ಮೆ ಉಸಿರಾಡುವುದೆಂದು ಹೇಳಬಹುದು. ಕೆಲಸ ಮುಗಿಸಿ ನಿಲ್ಲಿಸಿದ ಎಂಜಿನ್ನಿನ ಬಿಸಿಗೆ ಕಾರ್ಬ್ಯುರೇಟರಿನಲ್ಲಿ ಉಳಿದ ಪೆಟ್ರೋಲು ಆವಿಯಾಗುವುದು ಮತ್ತೊಂದು ಬಗೆ. ಇವೆರಡಕ್ಕಿಂತಲೂ ಗೂಢವಾದುದು ಪ್ಲಾಸ್ಟಿಕ್ ಟ್ಯಾಂಕಿನ ಗೋಡೆಯ ಮತ್ತು ರಬ್ಬರು ಕೊಳವೆಯ ಮೂಲಕವೇ ಪೆಟ್ರೋಲು ಇಂಗಿ ಹೊರಬರುವುದು. ಎಲ್ಲಿಯೂ ಸೋರಿಕೆ ಕಾಣುವುದಿಲ್ಲ, ಕೈಗೆ ಒದ್ದೆ ಹತ್ತುವುದಿಲ್ಲ. ಆದರೂ ತೂಕ ಕಡಮೆಯಾಗುತ್ತ ಹೋಗುವುದು.

ಇದರಿಂದ ಬೇಸಾಯಗಾರನಿಗೇನೆಂದು ಕೇಳುವವರು ಒಂದು ಸಂಗತಿಯನ್ನು ನೆನೆಯಬೇಕು. ಮೋಟಾರು ಹೊಗೆಯ ಶಾಸ್ತ್ರವು ಬೆಳೆದುದು ಬಹುಮಟ್ಟಿಗೆ ತರಕಾರಿ ತೋಟಗಳಿಂದಲೇ. 1940ರ ದಶಕದಲ್ಲಿ ಅಮೆರಿಕದ ಲಾಸ್ ಏಂಜಲೀಸ್ ನಗರದ ಸುತ್ತಲಿನ ಸೊಪ್ಪು ತರಕಾರಿಗಳ ಎಲೆಗಳು, ಯಾವ ರೋಗವೂ ಕೀಟವೂ ಇಲ್ಲದೆ, ಸುಟ್ಟಂತಾಗತೊಡಗಿದುವು. ಅನಾನಸಿನ ಪರಿಮಳವನ್ನು ಶೋಧಿಸುತ್ತಿದ್ದ ಹಾಗೆನ್‌ಸ್ಮಿಟ್ ಎಂಬ ರಸಾಯನ ಪಂಡಿತರು ಈ ವಿಷಯದಲ್ಲಿ ಕೈಹಾಕಿ, ಪೆಟ್ರೋಲಿನ ಆವಿಯೂ ಸಾರಜನಕದ ಆಕ್ಸೈಡುಗಳೂ ಬಿಸಿಲಿನಲ್ಲಿ ಕೂಡಿ ಓಜೋನನ್ನು ಹುಟ್ಟಿಸುವುವೆಂದು 1950ರ ದಶಕದ ಆದಿಯಲ್ಲಿ ತೋರಿಸಿಕೊಟ್ಟರು. ಓಜೋನು ಗಾಳಿಯೊಡನೆ ದೂರ ಸಾಗಿ ಗೋಧಿ, ದ್ವಿದಳ ಧಾನ್ಯ, ಸೊಪ್ಪುಗಳಿಗೆ ಹಾನಿಮಾಡುವುದು. ಹೊಲದವನು ಬಿಟ್ಟ ಆವಿಯು ನಗರದ ಹೊಗೆಯೊಡನೆ ಸೇರಿ ಹೊಲಕ್ಕೇ ಮರಳಿಬರುವುದು ವಿಚಿತ್ರವಾದರೂ ನಿಜ.

ಇನ್ನು ಅಳೆಯುವ ಕ್ರಮ. ಗಾಳಿಯಾಡದ ಕೋಣೆಯೊಂದರಲ್ಲಿ ಯಂತ್ರವನ್ನಿಟ್ಟು ಬಾಗಿಲನ್ನು ಬಿಗಿಮಾಡುವರು. ಕ್ಯಾಲಿಫೋರ್ನಿಯದ ವಿಧಾನದಲ್ಲಿ ಕೋಣೆಯ ಶಾಖವನ್ನು 24 ಗಂಟೆಗಳಲ್ಲಿ ಸುಮಾರು 18 ಡಿಗ್ರಿ ಸೆಂಟಿಗ್ರೇಡಿನಿಂದ 40 ಡಿಗ್ರಿಗೂ ಸ್ವಲ್ಪ ಮೇಲಕ್ಕೆ ಏರಿಸಿ ಪುನಃ ಇಳಿಸುವರು. ಒಂದು ಬೇಸಗೆಯ ದಿನವನ್ನೇ ಕೋಣೆಯೊಳಗೆ ನಡೆಯಿಸಿದಂತೆ. ಕೋಣೆಯ ಗಾಳಿಯ ಅಲ್ಪಭಾಗವನ್ನು ಜಲಜನಕದ ಜ್ವಾಲೆಯೊಳಕ್ಕೆ ಬಿಟ್ಟರೆ ಅದರಲ್ಲಿನ ಇಂಧನದ ಆವಿಯು ಉರಿದು ವಿದ್ಯುತ್ಕಣಗಳು ಹುಟ್ಟುವುವು. ಆ ವಿದ್ಯುತ್ತಿನ ಪ್ರಮಾಣದಿಂದ ಎಷ್ಟು ಗ್ರಾಂ ಆವಿ ಹೊರಬಂದಿತೆಂದು ಲೆಕ್ಕ ಹಾಕುವರು. ನಮ್ಮ ದೇಶದಲ್ಲಿಯೂ 2020ರ ಏಪ್ರಿಲಿನಿಂದ ಜಾರಿಗೆ ಬಂದ ಭಾರತ್ ಸ್ಟೇಜ್ 6ರ ನಿಯಮದಂತೆ ಪೆಟ್ರೋಲು ಕಾರುಗಳಿಗೂ ಮೋಟಾರು ಸೈಕಲುಗಳಿಗೂ ಇಂಥ ಪರೀಕ್ಷೆಯುಂಟು.

ಕೋಣೆಯು ದುಬಾರಿಯಾದುದು. ಆದರೆ ಇಂಗಿ ಹೋಗುವ ಭಾಗವನ್ನು ಅಳೆಯಲು ಸೂಕ್ಷ್ಮವಾದ ತಕ್ಕಡಿಯೊಂದಿದ್ದರೆ ಸಾಕು. ಅಮೆರಿಕದ ಕೇಂದ್ರ ಸರ್ಕಾರವು 2008ರಲ್ಲಿ ಗೊತ್ತುಮಾಡಿದ ನಿಯಮದಂತೆ ಟ್ಯಾಂಕಿಗೆ ಪೆಟ್ರೋಲು ತುಂಬಿ, ಬಾಯನ್ನು ಭದ್ರವಾಗಿ ಮುಚ್ಚಿ, ದಿನದಿನವೂ ತೂಗುವರು. ಗೋಡೆಯ ಒಂದು ಚದರ ಮೀಟರಿಗೆ ದಿನವೊಂದಕ್ಕೆ 28 ಡಿಗ್ರಿ ಶಾಖದಲ್ಲಿ 1.5 ಗ್ರಾಮಿಗಿಂತ ಹೆಚ್ಚು ಹೋಗಕೂಡದು. 40 ಡಿಗ್ರಿಯಲ್ಲಿ ಪರೀಕ್ಷಿಸಿದರೆ ಮಿತಿ 2.5 ಗ್ರಾಂ. ತೂಗುವುದರಲ್ಲಿಯೂ ಎರಡು ತೊಡಕುಗಳಿವೆ. ಹೊಸ ಪ್ಲಾಸ್ಟಿಕ್ಕು ಪೆಟ್ರೋಲನ್ನು ಹೀರಿ ತೃಪ್ತವಾಗುವ ತನಕ ಹೊರಕ್ಕೆ ಬಿಡುವುದು ಕಡಮೆ. ಆದಕಾರಣ 28 ಡಿಗ್ರಿಯ ಆಸುಪಾಸಿನಲ್ಲಿ 20 ವಾರಗಳ ಕಾಲ ಇಂಧನ ತುಂಬಿಟ್ಟ ಮೇಲೆಯೇ ಪರೀಕ್ಷೆ ನಡೆಯುವುದು. ಅಂಗಡಿಯಿಂದ ತಂದ ಟ್ಯಾಂಕನ್ನು ಮಾರನೆಯ ದಿನವೇ ತೂಗಿ ತೇರ್ಗಡೆಮಾಡಿದರೆ ಆ ಅಂಕಿಗೆ ಬೆಲೆಯಿಲ್ಲ. ಎರಡನೆಯ ತೊಡಕು ಗಾಳಿಯದು. ಲೀಟರು ಗಾಳಿಯ ತೂಕ ಸುಮಾರು 1.2 ಗ್ರಾಂ; ಶಾಖವು 3 ಡಿಗ್ರಿ ವ್ಯತ್ಯಾಸವಾದರೂ ಅದರಲ್ಲಿ ಶೇಕಡ 1ರಷ್ಟು ಏರುಪೇರಾಗಿ, ಟ್ಯಾಂಕನ್ನು ಗಾಳಿಯು ಎತ್ತಿಹಿಡಿಯುವ ಬಲವೂ ಬದಲಾಗುವುದು. ಇದಕ್ಕೆ ಕಂಡುಹಿಡಿದಿರುವ ಉಪಾಯ ಬಲು ಸರಳ: ಅಂಥದೇ ಟ್ಯಾಂಕೊಂದಕ್ಕೆ ಒಣ ಮರಳನ್ನು ತುಂಬಿ ಮುಚ್ಚಿ, ಅದನ್ನೂ ಜೊತೆಯಲ್ಲಿಯೇ ತೂಗಿ, ಮರಳಿನ ಟ್ಯಾಂಕಿನ ತೂಕದಲ್ಲಿ ಕಂಡ ವ್ಯತ್ಯಾಸವನ್ನು ಕಳೆದುಬಿಡುವುದು. ನಮ್ಮ ಯಾವ ಪ್ರಯೋಗಶಾಲೆಗೂ ಇದು ಮೀರಿದ ಕೆಲಸವಲ್ಲ.

ಒಂದು ಆಕ್ಷೇಪಣೆಗೆ ಉತ್ತರ ಹೇಳಬೇಕು. ಲೀಟರು ಹಿಡಿಯುವ ಟ್ಯಾಂಕಿನ ಗೋಡೆ ಸುಮಾರು 0.06 ಚದರ ಮೀಟರು. ಮೇಲಿನ ಮಿತಿಯಂತೆ ದಿನಕ್ಕೆ 0.09 ಗ್ರಾಂ, ವರ್ಷಕ್ಕೆ ಸುಮಾರು 45 ಮಿಲಿಲೀಟರು ಪೆಟ್ರೋಲು. ಮಿತಿಯಿಲ್ಲದ ಟ್ಯಾಂಕಿನಲ್ಲಿ ಇದು ಹಲವು ಪಾಲು ಹೆಚ್ಚಾದರೂ ಒಬ್ಬ ರೈತನ ಜೇಬಿಗೆ ದೊಡ್ಡ ಪೆಟ್ಟೇನೂ ಆಗದು. ಇಷ್ಟಕ್ಕಾಗಿ ಗಲಾಟೆಯೇಕೆಂಬ ಪ್ರಶ್ನೆ ನ್ಯಾಯವಾದುದೇ. ಆದರೆ ಕೊಳ್ಳುವವನಿಗೆ ನಷ್ಟ ತೋರದಿರುವ ಕಾರಣದಿಂದಲೇ ತಯಾರಕರು ತಾವಾಗಿ ಒಳ್ಳೆಯ ಟ್ಯಾಂಕನ್ನು ಹಾಕುವುದಿಲ್ಲ. ಲಕ್ಷಗಟ್ಟಲೆ ಯಂತ್ರಗಳ ಆವಿಯು ಕೂಡಿದಾಗಲೇ ಅದರ ಭಾರ ತಿಳಿಯುವುದು. ಕ್ಯಾಲಿಫೋರ್ನಿಯದಲ್ಲಿ ಸಣ್ಣ ಎಂಜಿನ್ನುಗಳ ಪಾಲು ಕಾರುಗಳ ಪಾಲನ್ನು ಮೀರುವುದೆಂದು ಅಲ್ಲಿನ ವಾಯು ಮಂಡಲಿಯವರು ಲೆಕ್ಕ ಹಾಕಿ, 2021ರಲ್ಲಿ ನಿರ್ಣಯ ಮಾಡಿ, 2024ನೆಯ ಮಾದರಿಯಿಂದ ಹೊಸ ಸಣ್ಣ ಪೆಟ್ರೋಲು ಎಂಜಿನ್ನುಗಳಲ್ಲಿ ಬಹುಪಾಲನ್ನು ತ್ಯಜಿಸಲು ಮುಂದಾದರು. ಬೇಸಾಯದ ಮತ್ತು ಕಟ್ಟಡ ಕೆಲಸದ ಹೊಸ ಎಂಜಿನ್ನುಗಳಲ್ಲಿ 175 ಅಶ್ವಶಕ್ತಿಗಿಂತ ಕಡಮೆಯವನ್ನು ನಿಯಂತ್ರಿಸುವ ಅಧಿಕಾರ ಮಾತ್ರ ಅಲ್ಲಿ ಪ್ರಾಂತಗಳಿಗಿಲ್ಲ; ಅದು ಕೇಂದ್ರ ಸರ್ಕಾರದ್ದು. ನಾವು ಅಷ್ಟು ದೂರ ಹೋಗಬೇಕೆಂದು ಹೇಳುವುದಿಲ್ಲ. ವಿದ್ಯುತ್ತು ಕೈಕೊಡುವ ತೋಟದಲ್ಲಿ ಪೆಟ್ರೋಲು ಯಂತ್ರವನ್ನು ಕಸಿದುಕೊಳ್ಳುವುದು ಅನ್ಯಾಯವಾದೀತು. ಅಳತೆಯನ್ನಾದರೂ ಮಾಡೋಣ.

ಅದಕ್ಕೆ ಈಗಲೇ ಕಾರಣವೂ ಒದಗಿದೆ. ಶೇಕಡ 20ರಷ್ಟು ಎಥೆನಾಲು ಬೆರೆಸಿದ ಪೆಟ್ರೋಲಿನ ಮಾರಾಟವು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿಯೇ ಉದ್ಘಾಟನೆಯಾಯಿತು. ಎಥೆನಾಲು ಬೆರೆತ ಇಂಧನವು ಹಳೆಯ ಮಾದರಿಯ ರಬ್ಬರನ್ನು ಉಬ್ಬಿಸಿ ಹೆಚ್ಚಾಗಿ ಇಂಗುವುದು. ಅದೇ ಪೆಟ್ರೋಲಿಗೆ ಎಥೆನಾಲು ಸೇರಿಸಿದರೆ ಆವಿಯ ಒತ್ತಡವೂ ಏರುವುದು. ಮೇಲಾಗಿ ಜ್ವಾಲೆಯ ಯಂತ್ರವು ಎಥೆನಾಲನ್ನು ಇರುವುದಕ್ಕಿಂತ ಕಡಮೆಯಾಗಿ ತೋರಿಸುವುದರಿಂದ ಲೆಕ್ಕವನ್ನು ತಿದ್ದಿಕೊಳ್ಳಬೇಕು. ಅಮೆರಿಕದ ಪರೀಕ್ಷೆಗಳು ಶೇಕಡ 10ರ ಮಿಶ್ರಣದ ಮೇಲೆ ನಿಂತವು; ಅವರ ಅಂಕಿಗಳನ್ನು ಹಾಗೆಯೇ ಎತ್ತಿಕೊಂಡರೆ ನಮಗೆ ಸರಿಹೋಗದು.

ಮಧ್ಯಪ್ರದೇಶದ ಬುದ್ನಿಯಲ್ಲಿಯೂ, ನಮ್ಮ ಗಡಿಗೆ ಸಮೀಪದ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿಯೂ ಕೃಷಿಯಂತ್ರಗಳ ಪರೀಕ್ಷೆಗೆಂದೇ ಕೇಂದ್ರ ಸರ್ಕಾರದ ಸಂಸ್ಥೆಗಳಿವೆ. ಅಲ್ಲಿ ಎಂಜಿನ್ನಿನ ಶಕ್ತಿಯನ್ನೂ ದುಡಿಯುವಾಗಿನ ಇಂಧನದ ವ್ಯಯವನ್ನೂ ಅಳೆದು ವರದಿ ಪ್ರಕಟಿಸುವರು. ಅದೇ ವರದಿಯಲ್ಲಿ, ಯಂತ್ರವು ನಿಂತಿರುವಾಗ ಟ್ಯಾಂಕು ಮತ್ತು ಕೊಳವೆಗಳಿಂದ ದಿನಕ್ಕೆಷ್ಟು ಗ್ರಾಂ ಹೋಗುವುದೆಂಬ ಒಂದು ಸಾಲನ್ನು ಸೇರಿಸತಕ್ಕದ್ದು. ಪರೀಕ್ಷೆಗೆ ನಮ್ಮ ಬಂಕುಗಳಲ್ಲಿ ದೊರೆಯುವ ಶೇಕಡ 20ರ ಮಿಶ್ರಣವನ್ನೇ ಬಳಸಬೇಕು. ರಾಯಚೂರು, ಕಲಬುರಗಿಗಳಲ್ಲಿ ಬೇಸಗೆಯ ಶಾಖವು 40 ಡಿಗ್ರಿಯನ್ನು ಮೀರುವುದರಿಂದ, ತೂಗುವುದು 28ರಲ್ಲಿ ಸಾಲದು, 40ರಲ್ಲಿಯೂ ಆಗಬೇಕು.