ಫೀಡು ಅಂದ್ರೆ ಹಿಂಡಿ ಬೂಸ ಅಷ್ಟೇ ಅಲ್ಲ ಕಣ್ರವ್ವ

ಫೀಡು ಅಂದ ತಕ್ಷಣ ನಮ್ಮ ಕಡೆ ಹೆಣ್ಮಕ್ಕಳು ಡೈರಿಯಿಂದ ತರೋ ಹಸಿನ ಫೀಡ್ ಮೂಟೆ ಅಂದ್ಕತರೆ. ತಪ್ಪೇನಿಲ್ಲ. ನಾನು ಹೇಳಕೆ ಹೊರಟಿರೋದು ಇನ್ನೊಂದು ಫೀಡಿನ ವಿಚಾರ, ಕಂಪ್ಯೂಟ್ರಿಗೂ ಮೊಬೈಲಿಗೂ ಸುದ್ದಿ ಉಣಿಸೋ ಫೀಡು. ಆರೆಸ್ಸೆಸ್ ಫೀಡ್ ಅಂತರೆ. ಚಡ್ಡಿ ಶಾಖೆಗೂ ಇದಕ್ಕೂ ಸಂಬಂಧ ಇಲ್ಲ, ಗಾಬರಿ ಬೀಳ್ಬೇಡಿ. ಊರಿಗೆ ಬೇಕಾದ ಸುದ್ದಿನೆಲ್ಲ ಒಂದು ಫೋಟೋ ಮಾಡಿ ವಾಟ್ಸಾಪ್ ಗ್ರೂಪಿಗೆ ಎಸೆದು ಕೈ ತೊಳ್ಕೊಳೋ ಪದ್ಧತಿ ನಿಲ್ಲಬೇಕು, ಅದನ್ನ ಫೀಡಾಗಿ ಕೊಡಬೇಕು. ಇದು ನನ್ನ ವಾದ. ಬೈಯೋರು ಪೂರ್ತಿ ಓದಿ ಆಮೇಲೆ ಬೈಯಿರಿ.

ವಿ.ಸಿ. ನಾಲೆ ನಂಬ್ಕೊಂಡು ಬದುಕೋ ಮಂಡ್ಯ, ಮದ್ದೂರು, ಮಳವಳ್ಳಿಯೋರಿಗೆ ತಾರೀಖಿನ ಬೆಲೆ ಯಾರೂ ಹೇಳ್ಕೊಡಬೇಕಾಗಿಲ್ಲ. ಕನ್ನಂಬಾಡಿ ಕಟ್ಟೆ ತುಂಬಿ 124.80 ಅಡಿ ಮುಟ್ಟಿದ್ರೂನು ನಮ್ಮ ಗದ್ದೆಗೆ ನೀರು ಯಾವತ್ತು ಅನ್ನೋದು ಕಟ್ಟು ಲೆಕ್ಕದ ಮೇಲೆ ನಿಂತದೆ. ಇಷ್ಟು ದಿನ ಬಿಡ್ತರೆ, ಇಷ್ಟು ದಿನ ನಿಲ್ಲಿಸ್ತರೆ. ಈಗ ಆ ತಾರೀಖು ಮನೆಗೆ ಹೆಂಗೆ ಬತ್ತದೆ? ಯಾರೋ ಗೋಡೆ ಮೇಲಿನ ನೋಟಿಸಿಗೆ ಫೋಟೋ ಹೊಡಿತರೆ, ಇನ್ಯಾರೋ ಅದನ್ನ ಕತ್ತರಿಸಿ ಕಳಿಸ್ತರೆ, ಇಸವಿ ಇದ್ದ ಸಾಲು ಹಾರೋಗಿರ್ತದೆ. ಮಳವಳ್ಳಿ ಕಡೆ ನಮ್ಮ ನೆಂಟರೊಬ್ಬರಿಗೆ ಹಿಂದಿನ ವರ್ಷದ ನೋಟಿಸು ಈ ವರ್ಷದ್ದು ಅಂತ ಯಾವ್ದೋ ಗ್ರೂಪಿಂದ ಬಂತು. ಒಟ್ಲು ಬಿಟ್ರು, ನೀರು ಬರ್ಲಿಲ್ಲ, ಸಸಿ ಒಣಗೋಯ್ತು. ಮೊದ್ಲೇ ನಾಲೆ ಕೊನೆ ಭಾಗ. ನೀರೂ ಕೊನೆಗೆ, ಸುದ್ದಿನೂ ಕೊನೆಗೆ.

ಫೀಡ್ ಅನ್ನೋದು ಹೊಸದೇನಲ್ಲ. 1999ರಲ್ಲಿ ನೆಟ್‌ಸ್ಕೇಪ್‌ನೋರು ಶುರು ಮಾಡಿದ್ರು, 2002ಕ್ಕೆ ಈಗಲೂ ನಡೀತಿರೋ 2.0 ಬಂತು. ಒಳಗೆ ಇರೋದು ಬರೀ ಅಕ್ಷರ. ಮೇಲೆ ಯಾರ ಫೀಡು ಅಂತ ಹೆಸರು, ವಿಳಾಸ, ಎರಡು ಮಾತಿನ ವಿವರಣೆ. ಕೆಳಗೆ ಒಂದೊಂದು ಸುದ್ದಿಗೂ ತಲೆಬರಹ, ಕೊಂಡಿ, ಪ್ರಕಟ ಆದ ತಾರೀಖು, ರೇಷನ್ ಕಾರ್ಡ್ ನಂಬರಿನಂಗೆ ಒಂದು ಗುರುತು. ಆ ಗುರುತು ಇರೋದ್ರಿಂದ ಒಂದೇ ಸುದ್ದಿ ಹತ್ತು ಸಲ ಬಂದು ತಲೆ ತಿನ್ನಕಿಲ್ಲ. ತಾರೀಖು ಇರೋದ್ರಿಂದ ಹಳೇದು ಹೊಸದಾಗಿ ವೇಷ ಹಾಕ್ಕೊಂಡು ಬರಕಿಲ್ಲ.

ಹಿಂದೆ ನಮ್ಮ ಊರುಗಳಲ್ಲಿ ನೀರುಗಂಟಿ ಇರ್ತಿದ್ದ. ಯಾರ ಗದ್ದೆಗೆ ಯಾವಾಗ ಅಂತ ಸರದಿ ಪ್ರಕಾರ ನೀರು ತಿರುಗಿಸ್ತಿದ್ದ. ಫೀಡ್ ಓದೋ ಪ್ರೋಗ್ರಾಮು ಹಂಗೆ: ಸರದಿ ಅಂದ್ರೆ ಸರದಿ. ಫೇಸ್‌ಬುಕ್ಕಿನ ನೀರುಗಂಟಿ ಬೇರೆ ಜಾತಿಯೋನು. ನೀವು ಎಷ್ಟು ಹೊತ್ತು ಅಲ್ಲೇ ಕುಂತಿರ್ತೀರಿ ಅಂತ ಲೆಕ್ಕ ಹಾಕಿ, ಜಗಳದ ಗದ್ದೆಗೇ ಮೊದ್ಲು ತೂಬು ಎತ್ತತಾನೆ. ನಾದಿನಿ ಮಗಳ ನಾಮಕರಣದ ಫೋಟೋ ಮೂರು ದಿನ ಬಿಟ್ಟು ಕಾಣ್ತದೆ, ಯಾರೋ ಯಾರಿಗೋ ಬೈದಿದ್ದು ತಕ್ಷಣ ಕಾಣ್ತದೆ.

ನಾನು ಓದೋದು ಪೈಥಾನ್ ಅನ್ನೋ ಭಾಷೇಲಿ ಬರೆದಿರೋ ಹದಿನೈದು ಸಾಲಿನ ಸ್ಕ್ರಿಪ್ಟಿಂದ. ಹೆದರಬೇಡಿ, ಚೀಟಿ ಲೆಕ್ಕ ಬರೆಯೋಳಿಗೆ ಇದು ಬತ್ತದೆ. ಮೊದ್ಲು ವಿಳಾಸಗಳ ಪಟ್ಟಿ, ಆಮೇಲೆ ಒಂದೊಂದನ್ನೂ ತಂದು ಓದು ಅನ್ನೋ ಒಂದು ಸಾಲು, ಆಮೇಲೆ ತಾರೀಖಿನ ಪ್ರಕಾರ ಜೋಡ್ಸು, ಒಂದು ಪುಟಕ್ಕೆ ಬರಿ. ಓದೋ ಕೆಲಸ ಫೀಡ್‌ಪಾರ್ಸರ್ ಅನ್ನೋ ಲೈಬ್ರರಿದು, ಮಾರ್ಕ್ ಪಿಲ್‌ಗ್ರಿಮ್ ಅನ್ನೋರು ಶುರು ಮಾಡಿದ್ದು, ಕಾಸು ಕೊಡಬೇಕಾಗಿಲ್ಲ. ಹೆಂಗೆಂಗೋ ಕಟ್ಟಿರೋ ಫೀಡನ್ನೂ ಅದು ಓದ್ಬಿಡ್ತದೆ, ಆದ್ರೆ ಪಕ್ಕದಲ್ಲಿ ‘ಬೋಜೋ’ ಅಂತ ಒಂದು ಗುರುತು ಹಾಕ್ತದೆ. ಪೆದ್ದ ಅಂದಂಗೆ. ನಮ್ಮತ್ತೆ ಸೊಸೆ ಮಾಡಿದ ಸಾರು ಉಂಡು ಮುಖ ಸಿಂಡರಿಸ್ತಿದ್ರಲ್ಲ, ಅದೇ ಥರ.

ವರ್ಡ್‌ಪ್ರೆಸ್‌ನಲ್ಲಿ ಕಟ್ಟಿದ ತಾಣ ಆದ್ರೆ ವಿಳಾಸದ ಕೊನೆಗೆ ಫೀಡ್ ಅಂತ ಸೇರಿಸಿದ್ರೆ ಸಾಮಾನ್ಯವಾಗಿ ಸಿಕ್ತದೆ. ಯೂಟ್ಯೂಬಿನ ಒಂದೊಂದು ಚಾನೆಲ್ಲಿಗೂ ಅದೆ. ಕನ್ನಡ ವಿಕಿಪೀಡಿಯಾದ ಇತ್ತೀಚಿನ ಬದಲಾವಣೆಗೂ ಅದೆ. ಮಳೆ ಸಿಡಿಲಿನ ಎಚ್ಚರಿಕೆನ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ‘ಸಚೇತ್’ ಫೀಡಾಗೇ ಕೊಡ್ತದೆ. ದಿಲ್ಲಿಯೋರಿಗೆ ಆಗೋ ಕೆಲಸ ತಾಲ್ಲೂಕಿನೋರಿಗೆ ಯಾಕಾಗಕಿಲ್ಲ?

‘ಎಲ್ರ ಕೈಲೂ ವಾಟ್ಸಾಪ್ ಅದೆ, ಫೀಡ್ ಸತ್ತು ಎಷ್ಟೋ ವರ್ಷ ಆಯ್ತು’ ಅಂತ ಓದ್ದ ಹುಡುಗ್ರೇ ನನಗೆ ಬುದ್ಧಿ ಹೇಳ್ತರೆ. 2013ರ ಜುಲೈ 1ಕ್ಕೆ ಗೂಗಲ್ ರೀಡರ್ ಮುಚ್ಚಿದ್ದು ನಿಜ. ಒಂದು ಅಂಗಡಿ ಬಾಗಿಲು ಹಾಕಿದ್ರೆ ರಾಗಿ ಬೆಳೆಯೋದು ನಿಂತೋಯ್ತದಾ? ಅದೇ ಹುಡುಗ್ರು ಕಿವಿಗೆ ಸಿಗಿಸ್ಕೊಂಡು ಕೇಳೋ ಪಾಡ್‌ಕಾಸ್ಟು ಊರೂರಿಗೆ ಹಂಚ್ಕೊಂಡು ಹೋಗೋದು ಇದೇ ಆರೆಸ್ಸೆಸ್ ಫೀಡಿನ ಮೇಲೆ.

ಹೆಣ್ಮಕ್ಕಳಿಗೆ ಇನ್ನೊಂದು ವಿಷಯ ಅದೆ, ಅದನ್ನ ಯಾವ ಗಂಡಸೂ ಲೆಕ್ಕಕ್ಕೆ ತಗಳಕಿಲ್ಲ. ಕರೆಂಟು ಯಾವಾಗ ಹೋಯ್ತದೆ ಅಂತ ತಿಳ್ಕೊಳಕೆ ಗ್ರೂಪಿಗೆ ಸೇರಬೇಕು. ಸೇರಿದ್ರೆ ನಮ್ಮ ನಂಬರು ಇನ್ನೂರು ಜನಕ್ಕೆ ಕಾಣ್ತದೆ. ಆಮೇಲೆ ಗುರುತಿಲ್ಲದೋರು ರಾತ್ರಿ ಹತ್ತು ಗಂಟೆಗೆ ‘ಊಟ ಆಯ್ತಾ’ ಅಂತರೆ. ಗ್ರೂಪ್ ಬಿಟ್ರೆ ಸುದ್ದಿ ಇಲ್ಲ, ಬಿಡದಿದ್ರೆ ಮನೇಲಿ ಮಾತು ಕೇಳಬೇಕು. ಎಷ್ಟು ಸೊಸೆಯರು ಇದಕ್ಕೇ ಬಿಟ್ಟವ್ರೆ ನಿಮಗೇ ಗೊತ್ತು. ಫೀಡಿಗೆ ಯಾರ ನಂಬರೂ ಕೊಡಬೇಕಾಗಿಲ್ಲ. ತಮಟೆ ಹೊಡೆದು ಸಾರಿದಂಗೆ, ಬೇಕಾದೋಳು ತನ್ನ ಬಾಗಿಲಲ್ಲೇ ನಿಂತು ಕೇಳಿಸ್ಕೊತಾಳೆ. ಕೇಳಿಸ್ಕೊಂಡೋಳು ಯಾರು ಅಂತ ಬೀದಿಗೆ ಗೊತ್ತಾಗಬೇಕಾಗಿಲ್ಲ.

ಕೆಲವು ಕನ್ನಡ ಸುದ್ದಿ ತಾಣದೋರ ಮೇಲೂ ನನಗೆ ಕೋಪ ಅದೆ. ಫೀಡು ಕೊಡ್ತರೆ, ಒಳಗೆ ಎರಡೇ ಸಾಲು. ಜಾಹೀರಾತು ನೋಡಕೆ ನಾವು ಅಲ್ಲಿಗೇ ಹೋಗ್ಬೇಕಂತೆ. ಅವ್ರ ಹೊಟ್ಟೆಪಾಡು ಗೊತ್ತಾಯ್ತದೆ, ಆದ್ರೂವೆ ತುತ್ತು ತೋರ್ಸಿ ತಟ್ಟೆ ಎಳ್ಕೊಂಡಂಗೆ ಆಯ್ತದೆ.

ಓದೋದು ಸುಲಭ, ಮಾಡೋದು ಕಷ್ಟ ಅಂತೀರೇನೋ. ನಮ್ಮ ಸ್ವಸಹಾಯ ಸಂಘದ ಸಭೆ, ಸಾಲದ ಕಂತಿನ ತಾರೀಖು ನಾನೇ ಫೀಡ್ ಮಾಡ್ತಿದೀನಿ. ಎಕ್ಸೆಲ್ಲಿನಲ್ಲಿ ಸಾಲು ತುಂಬಿದ್ರೆ ಸ್ಕ್ರಿಪ್ಟು ಫೀಡ್ ಕಟ್ತದೆ. ಜಾಗ್ರತೆ ಬೇಕಾದ್ದು ಮೂರ್ನಾಲ್ಕು ಕಡೆ. ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನ ಹಾಕಿದ್ರೆ ಬೇರೆಯೋರ ಮೊಬೈಲಲ್ಲಿ ಕಾಗೆ ಕಾಲು ಗುಬ್ಬಿ ಕಾಲು, ಯೂನಿಕೋಡೇ ಆಗ್ಬೇಕು. ತಾರೀಖಿನ ಜಾಗದಲ್ಲಿ ಕನ್ನಡ ವಾರದ ಹೆಸರು ನಡೆಯಕಿಲ್ಲ, ಅಲ್ಲಿ ಇಂಗ್ಲಿಷಿನ ಮೂರಕ್ಷರವೇ ಬೇಕು, ಎಲ್ಲಿಯ ನ್ಯಾಯವೋ! ಅದರ ಕೊನೆಗೆ +0530 ಅಂತ ನಮ್ಮ ದೇಶದ ಟೈಮು ಹಾಕ್ಬೇಕು. ಹಾಕದೆ ಲಂಡನ್ ಟೈಮು ಅಂತ ಬಿಟ್ರೆ ಬೆಳಗ್ಗೆ ಹತ್ತಕ್ಕೆ ಹಾಕಿದ ಸುದ್ದಿ ಮಧ್ಯಾಹ್ನ ಮೂರೂವರೆದು ಅಂತ ತೋರ್ತದೆ. ಅಂಗಡಿ ಬೋರ್ಡಲ್ಲಿ ‘ಅಂಡ್ ಸನ್ಸ್’ ಅಂತ ಬರೆಯೋ ಆ ಸುತ್ತು ಗುರುತು ಅದೆಯಲ್ಲ, ಅದನ್ನ ಹಂಗೇ ಹಾಕಿದ್ರೆ ಇಡೀ ಫೀಡೇ ಮುರಿದು ಬೀಳ್ತದೆ. ಕೈಯಲ್ಲಿ ಅಂಟಿಸೋ ಬದಲು ಪೈಥಾನಿನ ಎಲಿಮೆಂಟ್‌ಟ್ರೀಗೆ ಬುಟ್ರೆ ಅದೇ ಸರಿ ಮಾಡ್ಕೊತದೆ.

ವಾಟ್ಸಾಪ್ ತೆಗೆದು ಬಿಸಾಕಿ ಅನ್ನಲಿಲ್ಲ ನಾನು. ಕಣ್ಣು ಕಾಣದ ದೊಡ್ಡಮ್ಮಂಗೆ ಫೀಡ್ ಓದು ಅಂದ್ರೆ ಆಯ್ತದಾ? ಮೂಲ ಫೀಡಲ್ಲಿ ಇರ್ಲಿ, ಅದರ ಕೊಂಡಿ ಗ್ರೂಪಿಗೂ ಹೋಗ್ಲಿ, ಓದಿ ಹೇಳೋ ಮೊಮ್ಮಕ್ಕಳು ಹೇಳ್ಲಿ. ಪಂಚಾಯ್ತಿಗೋ ಡೈರಿಗೋ ಸೊಸೈಟಿಗೋ ಹೋದಾಗ ‘ನಿಮ್ಮ ಫೀಡಿನ ವಿಳಾಸ ಕೊಡಿ’ ಅಂತ ಒಂದು ಸಲ ಕೇಳಿ. ಇಲ್ಲ ಅಂತರೆ. ಮುಂದಿನ ತಿಂಗಳು ಮತ್ತೆ ಕೇಳಿ. ಸ್ಕ್ರಿಪ್ಟು ಬೇಕಾದೋರು ಪೆನ್‌ಡ್ರೈವ್ ತಗಂಡು ಮನೆಗೆ ಬನ್ನಿ, ಹಾಕ್ಕೊಡ್ತೀನಿ. ವಿಳಾಸದ ಪಟ್ಟಿ ಮಾತ್ರ ನೀವೇ ಬರ್ಕೊಂಡು ಬರಬೇಕು.