ತಮ್ಮವರ ತಪ್ಪನ್ನು ಬರೆದ ಇತಿಹಾಸಕಾರ

ಇತಿಹಾಸವನ್ನೇ ಮುಂದೆ ಓದುವೆನೆಂದಾಗ ನಮ್ಮ ತಂದೆಯವರು, “ಸತ್ತವರ ಸುದ್ದಿ ಬರದು ಏನ ಮಾಡಾಂವಪಾ ತಮ್ಮಾ?” ಎಂದು ಕೇಳಿದರು. ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗ ನಾನೇ ಆದುದರಿಂದ ಉತ್ತರ ಕೊಡುವ ಹೊಣೆಯೂ ನನ್ನದೇ. ಅಂದು ತೋಚಲಿಲ್ಲ. ಇಯೆನಾಗಾ ಸಾಬುರೊ ಎಂಬ ಜಪಾನೀ ಇತಿಹಾಸಕಾರರ ವೃತ್ತಾಂತವನ್ನು ಓದಿದ ಮೇಲೆ ತೋಚಿದ್ದನ್ನು ಇಲ್ಲಿ ಅರಿಕೆ ಮಾಡುತ್ತೇನೆ.

1913ರಲ್ಲಿ ಹುಟ್ಟಿದ ಇವರು ಮಹಾಯುದ್ಧದ ಕಾಲದಲ್ಲಿ ಅಧ್ಯಾಪಕರು. ಆಗ ಬಾಯಿ ಮುಚ್ಚಿಕೊಂಡಿದ್ದೆನೆಂಬ ಪಶ್ಚಾತ್ತಾಪ ಅವರನ್ನು ಬಿಡಲೇ ಇಲ್ಲ. ಯುದ್ಧಾನಂತರ ಹೈಸ್ಕೂಲಿಗೆ ಇತಿಹಾಸದ ಪಠ್ಯಪುಸ್ತಕ ಬರೆದರು. ಯುದ್ಧದ ಚಿತ್ರ ತೀರ ಕರಾಳವಾಯಿತೆಂದು ಶಿಕ್ಷಣ ಮಂತ್ರಾಲಯ ತಿದ್ದಲು ಹೇಳಿತು! 1965ರಲ್ಲಿ ಅವರು ಸರಕಾರದ ಮೇಲೆಯೇ ದಾವೆ ಹೂಡಿದರು. ಒಂದಲ್ಲ, ಮುಂದೆ ಮೂರಾದವು. ಗೆದ್ದದ್ದು ಕೊಂಚ, ಸೋತದ್ದೇ ಹೆಚ್ಚು. ಚೀನದಲ್ಲಿ ಜೀವಂತ ಮನುಷ್ಯರ ಮೇಲೆ ಪ್ರಯೋಗ ನಡೆಸಿದ ಜಪಾನಿನ 731ನೆಯ ಸೇನಾದಳದ ಸಂಗತಿಯನ್ನು ಅಳಿಸೆಂದದ್ದು ಕಾನೂನುಬಾಹಿರವೆಂದು ಸರ್ವೋಚ್ಚ ನ್ಯಾಯಾಲಯ ಹೇಳಿದ್ದು 1997ರಲ್ಲಿ. ಆಗ ಅವರಿಗೆ ಎಂಬತ್ತು ದಾಟಿತ್ತು.

ಇನ್ನು ನಮ್ಮ ಹಲಗಲಿಯ ಮಾತು. ಗಲಗಲಿಯವನಾದ ನನಗೆ ಅದು ದೂರದ ಊರಲ್ಲ. 1857ರಲ್ಲಿ, ಹತಾರ ಒಪ್ಪಿಸೆವೆಂದ ಬೇಡರ ಆ ಊರಿಗೆ ಇಂಗ್ಲಿಷರ ದಂಡು ಬೆಂಕಿಯಿಟ್ಟಿತು. ಡಿಸೆಂಬರದಲ್ಲಿ 19 ಜನರನ್ನು ಗಲ್ಲಿಗೇರಿಸಿದರು. ಲಾವಣಿಕಾರರು ಹಾಡದಿದ್ದರೆ ಅವರು ಸರಕಾರಿ ದಫ್ತರದಲ್ಲಿ ದಂಗೆಕೋರರಾಗಿಯೇ ಉಳಿಯುತ್ತಿದ್ದರು. ಆ ಲಾವಣಿಯನ್ನು ನಾನು ಹತ್ತನೆಯ ಇಯತ್ತೆಯಲ್ಲಿ ಓದಿದ್ದೇನೆ, ಮೈ ಜುಮ್ಮೆಂದಿದೆ.

ಆದರೆ ಹಲಗಲಿ ಇದ್ದುದು ಮುಧೋಳ ಸಂಸ್ಥಾನದಲ್ಲಿ. ಹತಾರ ನೋಂದಿಸಿರೆಂದು ಬೇಡರಿಗೆ ಹೇಳಹೋದವರು ಸಂಸ್ಥಾನದ ಕಾರಭಾರಿಗಳು, ಎಂದರೆ ನಮ್ಮವರೇ. ಗಲ್ಲಿನ ಕಂಬ ನಿಂತದ್ದು ಹಲಗಲಿಯಲ್ಲಷ್ಟೇ ಅಲ್ಲ, ಮುಧೋಳದಲ್ಲಿಯೂ. ನಮ್ಮ ಸ್ವಾತಂತ್ರ್ಯೋತ್ಸವದ ಭಾಷಣಗಳಲ್ಲಿ ಇಂಗ್ಲಿಷರ ಹೆಸರು ಹತ್ತು ಸಲ ಬರುತ್ತದೆ, ಕಾರಭಾರಿಗಳದು ಒಮ್ಮೆಯೂ ಬರದು. ಹಿಂದೊಮ್ಮೆ ಆ ಭಾಷಣ ಮಾಡಿದವನು ನಾನೇ. ಗೊತ್ತಿದ್ದೂ ಬಿಟ್ಟೆ, ಚಪ್ಪಾಳೆ ಕಡಿಮೆಯಾದೀತೆಂಬ ಅಂಜಿಕೆ. ಇಯೆನಾಗಾ ಅವರು ಮೂವತ್ತೆರಡು ವರ್ಷ ಕೋರ್ಟಿಗೆ ಅಲೆದದ್ದು ನಾನು ಬಿಟ್ಟಂಥ ಸಾಲುಗಳಿಗಾಗಿಯೇ. ಪರರ ಅನ್ಯಾಯವನ್ನು ಹಾಡುವ ನಾವು ನಮ್ಮವರ ಪಾಲನ್ನೂ ತರಗತಿಯಲ್ಲಿ, ಈ ಸಂಚಿಕೆಯ ಪುಟಗಳಲ್ಲಿ ಚರ್ಚಿಸಬೇಕೆಂದು ನನ್ನ ಅಭಿಪ್ರಾಯ. ಗುರುಗಳು ಒಪ್ಪದಿದ್ದರೆ ವಾದಿಸಲಿ, ಸಂತೋಷವೇ.

ಮೊನ್ನೆ ರಜೆಯಲ್ಲಿ ತಂದೆಯವರಿಗೆ ಈ ಕತೆ ಹೇಳಿದೆ. ಎಲೆಗೆ ಸುಣ್ಣ ಹಚ್ಚುತ್ತ ಕೇಳಿದರು. ಬಹಳ ಹೊತ್ತಿನ ಮೇಲೆ, “ಅಷ್ಟ ವರ್ಷ ವಕೀಲರಿಗೆ ರೊಕ್ಕಾ ಯಾರ ಕೊಟ್ರೋ?” ಎಂದರು. ಅವರಂಥ ಅನೇಕರು ವಂತಿಗೆ ಕೂಡಿಸಿದರೆಂದೆ. “ಹಂಗಾದ್ರ ಓದು,” ಎಂದರು.